ರೂಟರ್‌ಗೆ ಬೇರೆ ಫರ್ಮ್‌ವೇರ್ ಹಾಕೋದು: ಯಾರ ಮನೆಗೆ ಸರಿ, ಯಾರ ಮನೆಗೆ ಬೇಡ?

ವೈಫೈ ನಿಧಾನ ಅಂತ ನಾಲ್ಕು ಜನರ ಮುಂದೆ ಹೇಳಿ ನೋಡಿ. ಕಂಪ್ಯೂಟರ್ ಗೊತ್ತಿರುವ ಒಬ್ಬರಾದರೂ ಹೇಳುತ್ತಾರೆ: "ಕಂಪನಿ ಸಾಫ್ಟ್‌ವೇರ್ ತೆಗೆದುಹಾಕಿ, ಓಪನ್‌ಡಬ್ಲ್ಯುಆರ್‌ಟಿ ಹಾಕಿ. ಫ್ರೀ. ಹಳೇ ರೂಟರ್ ಹೊಸದಾಗುತ್ತೆ." ಹೇಳುವವರಿಗೆ ಅದು ಒಂದು ಸಂಜೆಯ ಕೆಲಸ. ಕೇಳುವವರಿಗೆ ಆ ಮಾತಿನಲ್ಲಿ ಅರ್ಧ ಪದಗಳೇ ಹೊಸವು.

ಇದು ಈಗ ಹವ್ಯಾಸಿಗಳ ವಿಷಯವಾಗಿ ಮಾತ್ರ ಉಳಿದಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ ಒಂದು ಎಚ್ಚರಿಕೆ ಕೊಟ್ಟಿತು. ಕಂಪನಿಗಳು ಅಪ್‌ಡೇಟ್ ಕೊಡೋದನ್ನ ನಿಲ್ಲಿಸಿದ ಹಳೇ ರೂಟರ್‌ಗಳೊಳಗೆ ಕಳ್ಳರು ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಸೇರಿಸಿ, ಆ ಮನೆಗಳ ಇಂಟರ್ನೆಟ್ ಸಂಪರ್ಕವನ್ನೇ ಬೇರೆಯವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಯಾರೋ ಎಲ್ಲೋ ಕೂತು ಮಾಡಿದ ಮೋಸಕ್ಕೆ ಅಲ್ಲಿ ಕಾಣೋದು ನಿಮ್ಮ ಮನೆಯ ಇಂಟರ್ನೆಟ್ ವಿಳಾಸ. ಎಫ್‌ಬಿಐ ಹೆಸರಿಸಿದ ಮಾಡೆಲ್‌ಗಳಲ್ಲಿ ಲಿಂಕ್‌ಸಿಸ್‌ನ ಹಳೇ ಇ1200, ಇ2500ದಂಥವು ಇದ್ದವು. ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ಸಾಮಾನ್ಯ ಡಬ್ಬಿಗಳು ಅವು.

ಹಾಗಾದ್ರೆ ರೂಟರ್‌ನ ಸಾಫ್ಟ್‌ವೇರ್ ಬದಲಿಸಿದರೆ ಕಾಟ ತಪ್ಪುತ್ತಾ? ಕೆಲವು ಮನೆಗಳಲ್ಲಿ ಹೌದು. ಹೆಚ್ಚಿನ ಮನೆಗಳಲ್ಲಿ ಇಲ್ಲ. ಯಾಕೆ ಅನ್ನೋದನ್ನ ಬುಡದಿಂದ ನೋಡೋಣ.

ರೂಟರ್ ಅಂದ್ರೆ ಒಂದು ಸಣ್ಣ ಕಂಪ್ಯೂಟರ್

ಟಿವಿ ಪಕ್ಕದಲ್ಲಿ ದೀಪ ಮಿನುಗಿಸುತ್ತಾ ಕೂತಿರುವ ಆ ಡಬ್ಬಿಯೊಳಗೆ ಪ್ರೊಸೆಸರ್ ಇದೆ, ರಾಮ್ ಇದೆ, ಫೈಲು ಇಟ್ಟುಕೊಳ್ಳಲು ಫ್ಲ್ಯಾಶ್ ಮೆಮೊರಿ ಇದೆ. ಪರದೆ ಮತ್ತು ಕೀಲಿಮಣೆ ಇಲ್ಲ, ಅಷ್ಟೇ ವ್ಯತ್ಯಾಸ. ಆ ಫ್ಲ್ಯಾಶ್ ಮೆಮೊರಿಯಲ್ಲಿ ಕೂತು ಎಲ್ಲವನ್ನೂ ನಡೆಸುವ ಸಾಫ್ಟ್‌ವೇರ್‌ಗೆ ಫರ್ಮ್‌ವೇರ್ ಅನ್ನುತ್ತಾರೆ. ಯಾವ ಫೋನಿಗೆ ಯಾವ ಐಪಿ ವಿಳಾಸ ಕೊಡಬೇಕು, ಹೊರಗಿನಿಂದ ಬಂದ ಡೇಟಾ ಯಾವ ಲ್ಯಾಪ್‌ಟಾಪ್‌ಗೆ ಹೋಗಬೇಕು, ಯಾರನ್ನು ಒಳಗೆ ಬಿಡಬಾರದು, ಇದೆಲ್ಲ ಅದರದ್ದೇ ತೀರ್ಮಾನ.

ರೂಟರ್ ಕೊಂಡಾಗ ಫರ್ಮ್‌ವೇರ್ ಕಂಪನಿಯದ್ದೇ ಇರುತ್ತೆ. ಅದನ್ನು ತೆಗೆದು, ಹೊರಗಿನ ಪ್ರೋಗ್ರಾಮರ್‌ಗಳು ಸೇರಿ ಬರೆದ, ಎಲ್ಲರೂ ನೋಡಬಹುದಾದ ಮುಕ್ತ ಕೋಡ್‌ನ ಫರ್ಮ್‌ವೇರ್ ಹಾಕೋದೇ ಇಲ್ಲಿನ ವಿಷಯ. ಹಾಕುವ ಕೆಲಸಕ್ಕೆ ಫ್ಲ್ಯಾಶ್ ಮಾಡೋದು ಅಂತಾರೆ. ಇವುಗಳಲ್ಲಿ ದೊಡ್ಡ ಹೆಸರು ಓಪನ್‌ಡಬ್ಲ್ಯುಆರ್‌ಟಿ. ಡಿಡಿ-ಡಬ್ಲ್ಯುಆರ್‌ಟಿ, ಫ್ರೆಶ್‌ಟೊಮೇಟೊ, ಏಸಸ್ ರೂಟರ್‌ಗಳಿಗಾಗಿಯೇ ಇರುವ ಏಸಸ್‌ಡಬ್ಲ್ಯುಆರ್‌ಟಿ-ಮರ್ಲಿನ್ ಕೂಡ ಇವೆ.

ಎಲ್ಲ ಹೆಸರಲ್ಲೂ ಡಬ್ಲ್ಯುಆರ್‌ಟಿ ಯಾಕೆ?

2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಅನ್ನೋ ರೂಟರ್ ಬಿಟ್ಟಿತು. ನೀಲಿ ಮುಖ, ಕಪ್ಪು ಬೆನ್ನು, ಎರಡು ಆಂಟೆನಾ. ಇವತ್ತಿಗೂ ರೂಟರ್ ಚಿತ್ರ ಅಂದ್ರೆ ಬಹಳ ಜನಕ್ಕೆ ಕಣ್ಣಿಗೆ ಬರೋದು ಅದೇ. ಕೆಲವರು ಅದರ ಫರ್ಮ್‌ವೇರ್ ಬಿಚ್ಚಿ ನೋಡಿದಾಗ ಒಳಗೆ ಲಿನಕ್ಸ್ ಇತ್ತು, ಅಂದ್ರೆ ಮುಕ್ತ ಕೋಡ್‌ನ ಒಂದು ಆಪರೇಟಿಂಗ್ ಸಿಸ್ಟಮ್. ಲಿನಕ್ಸ್‌ನ ಲೈಸೆನ್ಸ್ ಜಿಪಿಎಲ್. ಅದರ ಷರತ್ತು ಸರಳ: ಈ ಕೋಡ್ ಸೇರಿಸಿ ಸಾಮಾನು ಮಾರಿದರೆ, ಕೊಂಡವರಿಗೆ ಆ ಕೋಡ್ ಕೊಡಲೇಬೇಕು. ಒತ್ತಾಯ ಹೆಚ್ಚಿದ ಮೇಲೆ 2003ರಲ್ಲಿ ಲಿಂಕ್‌ಸಿಸ್ ಕೋಡ್ ಹೊರಗೆ ಬಿಟ್ಟಿತು. ಅದನ್ನು ಹಿಡಿದುಕೊಂಡು 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಹೆಸರಿನ ಬಾಲ ಆ ರೂಟರ್‌ನಿಂದಲೇ ಬಂದದ್ದು.

ಅಲ್ಲಿಂದ ಇಲ್ಲಿಗೆ ತುಂಬ ದೂರ ಬಂದಿದ್ದೇವೆ. ಈಗ ಎಷ್ಟೋ ಕಂಪನಿಗಳ ಸ್ವಂತ ಫರ್ಮ್‌ವೇರ್‌ನ ಅಡಿಯಲ್ಲೇ ಓಪನ್‌ಡಬ್ಲ್ಯುಆರ್‌ಟಿ ಇದೆ. ಶಾವೋಮಿ ರೂಟರ್‌ಗಳು ಅದಕ್ಕೊಂದು ಉದಾಹರಣೆ. ರೂಟರ್ ಚಿಪ್ ಮಾಡುವ ಕ್ವಾಲ್‌ಕಾಮ್ ಕಂಪನಿಗಳಿಗೆ ಕೊಡುವ ಸಾಫ್ಟ್‌ವೇರ್ ಕಿಟ್ ಕೂಡ ಅದರ ಮೇಲೇ ಕಟ್ಟಿದ್ದು. ಹಾಗಾಗಿ "ಇದೇನೋ ಹುಡುಗರು ಮಾಡಿದ ಆಟದ ಸಾಮಾನು" ಅನ್ನೋ ಭಯ ಬೇಡ. ಕೆಲಸ ಗಟ್ಟಿಯಾಗಿದೆ. ಪ್ರಶ್ನೆ ಇರೋದು ಬೇರೆ ಕಡೆ.

ಮೊದಲು ನೋಡಿ: ನಿಮ್ಮ ಮನೆಯಲ್ಲಿರೋದು ಯಾವ ಡಬ್ಬಿ?

ಈ ವಿಷಯದ ಬಗ್ಗೆ ಇರುವ ಹೆಚ್ಚಿನ ಬರಹ, ವಿಡಿಯೋಗಳು ಅಮೆರಿಕ, ಯುರೋಪಿನವು. ಅಲ್ಲಿ ಜನ ಅಂಗಡಿಯಿಂದ ರೂಟರ್ ಕೊಂಡು ತರೋದು ಜಾಸ್ತಿ. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನ ಫ್ಲ್ಯಾಟ್ ಆಗಲಿ, ಸಾಗರದ ತೋಟದ ಮನೆ ಆಗಲಿ, ಫೈಬರ್ ಎಳೆದವರೇ ಒಂದು ಡಬ್ಬಿ ಗೋಡೆಗೆ ಹೊಡೆದು ಹೋಗಿರುತ್ತಾರೆ. ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಎಲ್ಲದರ ಫೈಬರ್‌ಗೂ ಇದೇ ಪದ್ಧತಿ. ಅದಕ್ಕೆ ಒಎನ್‌ಟಿ ಅನ್ನುತ್ತಾರೆ. ಕೂದಲೆಳೆಯಂಥ ಗಾಜಿನ ತಂತಿಯಲ್ಲಿ ಬರುವ ಬೆಳಕನ್ನು ಇಂಟರ್ನೆಟ್ ಆಗಿ ಬದಲಿಸೋದು ಅದರ ಮೂಲ ಕೆಲಸ. ಜೊತೆಗೆ ವೈಫೈಯೂ ಅದರಲ್ಲೇ, ಲ್ಯಾಂಡ್‌ಲೈನ್ ಫೋನ್ ಚುಚ್ಚುವ ತೂತೂ ಅದರಲ್ಲೇ.

ಈ ಒಎನ್‌ಟಿಗೆ ಬೇರೆ ಫರ್ಮ್‌ವೇರ್ ಹಾಕುವ ಯೋಚನೆ ಬಿಟ್ಟುಬಿಡಿ. ಒಂದು, ಅದು ಸಾಮಾನ್ಯವಾಗಿ ಸಂಪರ್ಕ ಕೊಟ್ಟ ಕಂಪನಿಯ ಸ್ವತ್ತು. ಎರಡು, ಅದನ್ನು ಕಂಪನಿ ದೂರದಿಂದಲೇ ನಿಭಾಯಿಸುತ್ತೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಅವರು ಅಲ್ಲಿಂದಲೇ ನಿಮ್ಮ ಡಬ್ಬಿಯನ್ನು ರೀಸ್ಟಾರ್ಟ್ ಮಾಡುತ್ತಾರಲ್ವಾ, ಅದಕ್ಕೆ ಟಿಆರ್-069 ಅನ್ನೋ ವ್ಯವಸ್ಥೆ ಇದೆ. ಆ ಕೊಂಡಿ ಕಡಿದರೆ ಇಂಟರ್ನೆಟ್ಟೂ ಹೋಗಬಹುದು, ಫೋನೂ ಹೋಗಬಹುದು. ಮೂರು, ಈ ಡಬ್ಬಿಗಳ ಬೆಳಕಿನ ಭಾಗವನ್ನು ನಡೆಸುವ ಕೋಡ್ ಮುಕ್ತವಾಗಿ ಸಿಗೋದೇ ಅಪರೂಪ.

ಮನೆಯಲ್ಲಿ ಇದೊಂದೇ ಡಬ್ಬಿ ಇದ್ದರೆ ಫರ್ಮ್‌ವೇರ್ ಚರ್ಚೆ ನಿಮ್ಮ ಮಟ್ಟಿಗೆ ಇಲ್ಲಿಗೇ ಮುಗಿಯಿತು. ಅದರ ಹಿಂದೆ ನಿಮ್ಮದೇ ದುಡ್ಡಿನ ಇನ್ನೊಂದು ರೂಟರ್ ಇಟ್ಟಾಗ ಮಾತ್ರ ಮುಂದಿನ ಮಾತು. ಹಾಗೆ ಇಡುವಾಗ ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಿ ಅಂತ ಕಂಪನಿಯವರನ್ನು ಕೇಳಬೇಕು. ಅಂದ್ರೆ ಆ ಡಬ್ಬಿ ಬೆಳಕನ್ನು ಮಾತ್ರ ನೋಡಿಕೊಳ್ಳಲಿ, ಉಳಿದದ್ದನ್ನು ನಮ್ಮ ರೂಟರ್ ನೋಡಿಕೊಳ್ಳುತ್ತೆ ಅಂತ. ಕೆಲವರು ಮಾಡಿಕೊಡುತ್ತಾರೆ, ಕೆಲವರು ಒಪ್ಪಲ್ಲ. ಒಪ್ಪದಿದ್ದರೂ ಯೂಟ್ಯೂಬ್, ವಾಟ್ಸಾಪ್‌ಗೆ ಏನೂ ತೊಂದರೆ ಇಲ್ಲ. ಆದರೆ ಒಂದರ ಹಿಂದೆ ಒಂದು ಎರಡು ರೂಟರ್ ಕೆಲಸ ಮಾಡುತ್ತಿರುವುದರಿಂದ, ಹೊರಗಿನಿಂದ ನೇರವಾಗಿ ಮನೆಯೊಳಗಿನ ಕ್ಯಾಮೆರಾ ನೋಡೋದು, ಕೆಲವು ಆನ್‌ಲೈನ್ ಆಟ ಆಡೋದು ಕಷ್ಟ ಆಗುತ್ತೆ.

ನಿಜವಾಗಿ ಸಿಗುವ ಲಾಭ

ದೊಡ್ಡ ಲಾಭ ಆಯುಸ್ಸು. ರೂಟರ್ ಕಂಪನಿ ಒಂದು ಮಾಡೆಲ್‌ಗೆ ಕೆಲವು ವರ್ಷ ಅಪ್‌ಡೇಟ್ ಕೊಟ್ಟು, ಆಮೇಲೆ ಅದನ್ನು ಮರೆತುಬಿಡುತ್ತೆ. ಯಂತ್ರ ಮಾತ್ರ ಇನ್ನೂ ಗಟ್ಟಿಯಾಗಿಯೇ ಇರುತ್ತೆ. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಅನ್ನೋ ಮಾಲ್‌ವೇರ್ 54 ದೇಶಗಳಲ್ಲಿ ಕಡಿಮೆ ಅಂದರೂ 5 ಲಕ್ಷ ರೂಟರ್ ಮತ್ತು ಸ್ಟೋರೇಜ್ ಡಬ್ಬಿಗಳೊಳಗೆ ಸೇರಿಕೊಂಡಿದೆ ಅಂತ ಗೊತ್ತಾಯಿತು. ಅದು ಒಳಗೆ ನುಗ್ಗಿದ ದಾರಿ ಹೆಚ್ಚಾಗಿ ಸಾಫ್ಟ್‌ವೇರ್‌ನಲ್ಲಿ ಮೊದಲೇ ಗೊತ್ತಿದ್ದ ಭದ್ರತೆಯ ತೂತುಗಳು ಮತ್ತು ಯಾರೂ ಬದಲಿಸದ ಪಾಸ್‌ವರ್ಡ್‌ಗಳು. ಅಂದ್ರೆ ಅಪ್‌ಡೇಟ್ ನಿಂತ ರೂಟರ್‌ನಲ್ಲಿ ತೂತು ಹಾಗೇ ಉಳಿಯುತ್ತೆ. ಅಂಥ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಬೆಂಬಲ ಇದ್ದರೆ ಇನ್ನೂ ಹಲವು ವರ್ಷ ಹೊಸ ಲಿನಕ್ಸ್, ಹೊಸ ಭದ್ರತೆ ಸಿಗುತ್ತೆ. ಕಸದ ಬುಟ್ಟಿಗೆ ಹೋಗುವ ಒಂದು ಯಂತ್ರ ಉಳಿಯುತ್ತೆ. ನನ್ನ ಪ್ರಕಾರ ಇಡೀ ಯೋಜನೆಯ ಅತ್ಯಂತ ಒಳ್ಳೆಯ ಕೆಲಸ ಇದೇ.

ಇದಕ್ಕೂ ಒಂದು ಮಿತಿ ಇದೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರಾಮ್ ಇರುವ ತೀರಾ ಹಳೇ, ಅಗ್ಗದ ರೂಟರ್‌ಗಳನ್ನು ಓಪನ್‌ಡಬ್ಲ್ಯುಆರ್‌ಟಿ ಕೈಬಿಟ್ಟಿದೆ. 19.07ರ ನಂತರದ ಆವೃತ್ತಿಗಳು ಅವುಗಳಲ್ಲಿ ಹಿಡಿಸಲ್ಲ. ಈಗ 16 ಎಂಬಿ ಫ್ಲ್ಯಾಶ್, 128 ಎಂಬಿ ರಾಮ್ ಇದ್ದರೆ ನೆಮ್ಮದಿ.

ಎರಡನೇ ಲಾಭದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಮನೆಯವರೆಲ್ಲ ಅನುಭವಿಸಿರುವ ಆದರೆ ಹೆಸರು ಗೊತ್ತಿಲ್ಲದ ಒಂದು ತೊಂದರೆ ಇದು. ನೀವು ವಿಡಿಯೋ ಕಾಲ್‌ನಲ್ಲಿದ್ದೀರಿ. ಒಳಗಿನ ಕೋಣೆಯಲ್ಲಿ ಯಾರದೋ ಫೋನು ಮದುವೆಯ ವಿಡಿಯೋಗಳನ್ನು ಕ್ಲೌಡ್‌ಗೆ ಹಾಕಲು ಶುರುಮಾಡುತ್ತೆ. ತಕ್ಷಣ ನಿಮ್ಮ ಕಾಲ್ ತಡವರಿಸುತ್ತೆ, ಮಾತು ತುಂಡಾಗುತ್ತೆ. ಸ್ಪೀಡ್ ಟೆಸ್ಟ್ ಮಾಡಿದರೆ ಸ್ಪೀಡ್ ಸರಿಯಾಗೇ ಇದೆ. ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು.

ದಿನಸಿ ಅಂಗಡಿಯಲ್ಲಿ ಒಬ್ಬರು ತಿಂಗಳ ಸಾಮಾನಿನ ಉದ್ದ ಚೀಟಿ ಹಿಡಿದು ನಿಂತಿದ್ದಾರೆ, ಹಿಂದೆ ಒಬ್ಬ ಹುಡುಗನಿಗೆ ಬೇಕಿರೋದು ಒಂದು ಬೆಂಕಿಪೊಟ್ಟಣ. ಅಂಗಡಿಯವರು ಬರೀ ಸಾಲು ನೋಡಿದರೆ, ಅಕ್ಕಿ ಬೇಳೆ ಎಲ್ಲ ತೂಗಿ ಮುಗಿಯುವವರೆಗೆ ಹುಡುಗ ಕಾಯಬೇಕು. ಜಾಣ ಅಂಗಡಿಯವರು ಏನು ಮಾಡುತ್ತಾರೆ? ತೂಗುತ್ತಲೇ ಕೈಚಾಚಿ ಬೆಂಕಿಪೊಟ್ಟಣ ಕೊಟ್ಟು ಕಳಿಸುತ್ತಾರೆ. ಉದ್ದ ಚೀಟಿಯವರಿಗೆ ಅದರಿಂದ ಒಂದು ಕ್ಷಣವೂ ನಷ್ಟ ಇಲ್ಲ. ವಿಡಿಯೋ ಅಪ್‌ಲೋಡ್ ಉದ್ದ ಚೀಟಿ. ನಿಮ್ಮ ಕಾಲ್‌ನ ಒಂದೊಂದು ಮಾತೂ ಬೆಂಕಿಪೊಟ್ಟಣ. ಅಗ್ಗದ ರೂಟರ್, ಮೋಡೆಮ್‌ಗಳು ಬಂದ ಡೇಟಾವನ್ನೆಲ್ಲ ಒಂದೇ ಉದ್ದ ಸಾಲಿನಲ್ಲಿ ನಿಲ್ಲಿಸುತ್ತವೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎಸ್‌ಕ್ಯೂಎಂ ಅನ್ನೋ ಪ್ಯಾಕೇಜ್ ಹಾಕಿಕೊಂಡರೆ, ಅದರೊಳಗಿನ ಕೇಕ್ ಅನ್ನೋ ವಿಧಾನ ಆ ಜಾಣ ಅಂಗಡಿಯವರ ಕೆಲಸ ಮಾಡುತ್ತೆ. ಈ ಕೇಕ್ 2018ರಲ್ಲಿ ಲಿನಕ್ಸ್‌ನ 4.19 ಆವೃತ್ತಿಗೇ ಸೇರಿತು. ಬಫರ್‌ಬ್ಲೋಟ್ ವಿರುದ್ಧ ವರ್ಷಗಟ್ಟಲೆ ದುಡಿದವರಲ್ಲಿ ಜಿಮ್ ಗೆಟ್ಟಿಸ್ ಮತ್ತು ಡೇವ್ ತಾಟ್ ಮುಖ್ಯರು. ಡೇವ್ ತಾಟ್ 2025ರಲ್ಲಿ ತೀರಿಕೊಂಡರು. ಇವತ್ತು ಎಷ್ಟೋ ಮನೆಗಳಲ್ಲಿ ವಿಡಿಯೋ ಕಾಲ್ ಕಡಿಯದೆ ಸಾಗೋದರ ಹಿಂದೆ ಅಂಥವರ ಶ್ರಮ ಇದೆ.

ನಿಮ್ಮ ಮನೆಯಲ್ಲಿ ಈ ತೊಂದರೆ ಇದೆಯಾ ಅಂತ ಈಗಲೇ ನೋಡಬಹುದು. ಫಾಸ್ಟ್.ಕಾಮ್ ತೆರೆದು, ಟೆಸ್ಟ್ ಮುಗಿದ ಮೇಲೆ ಹೆಚ್ಚಿನ ಮಾಹಿತಿ ಅನ್ನೋದನ್ನು ಒತ್ತಿ. ಲೇಟೆನ್ಸಿ (ಡೇಟಾ ಹೋಗಿ ಬರಲು ಹಿಡಿಯುವ ಸಮಯ) ಅಂತ ಎರಡು ಅಂಕೆ ಕಾಣುತ್ತವೆ, ಒಂದು ಲೈನ್ ಖಾಲಿ ಇದ್ದಾಗಿನದು, ಇನ್ನೊಂದು ತುಂಬಿದ್ದಾಗಿನದು. ಖಾಲಿ ಇದ್ದಾಗ 10 ಮಿಲಿಸೆಕೆಂಡ್, ತುಂಬಿದಾಗ 30 ಅಂದ್ರೆ ಚಿಂತೆ ಇಲ್ಲ. 10 ಇದ್ದದ್ದು 300 ಆದರೆ ಕಾಲ್ ಯಾಕೆ ಕಡಿಯುತ್ತೆ ಅನ್ನೋದಕ್ಕೆ ಉತ್ತರ ಸಿಕ್ಕಿತು. ಹೋಗುವ, ಬರುವ ವೇಗ ಎರಡೂ ಒಂದೇ ಇರುವ ಒಳ್ಳೆಯ ಫೈಬರ್ ಸಂಪರ್ಕದಲ್ಲಿ ಈ ಕಾಟ ಸಾಮಾನ್ಯವಾಗಿ ಕಡಿಮೆ. ಕೇಬಲ್, ಮೊಬೈಲ್ ಸಿಮ್ ಹಾಕುವ ರೂಟರ್, ಅಪ್‌ಲೋಡ್ ಕಡಿಮೆ ಇರುವ ಪ್ಲಾನ್‌ಗಳಲ್ಲಿ ಜಾಸ್ತಿ.

ಉಳಿದ ಲಾಭಗಳು ಬೇಗ ಹೇಳಿ ಮುಗಿಸುವಂಥವು. ಇಡೀ ಮನೆಗೆ ಜಾಹೀರಾತು ತಡೆಯಬಹುದು. ಅಗ್ಗದ ಸ್ಮಾರ್ಟ್ ಬಲ್ಬ್, ಕ್ಯಾಮೆರಾಗಳನ್ನು ಲ್ಯಾಪ್‌ಟಾಪ್‌ಗಳಿಂದ ದೂರ, ಬೇರೆಯದೇ ನೆಟ್‌ವರ್ಕ್‌ನಲ್ಲಿ ಇಡಬಹುದು. ರೂಟರ್‌ನಲ್ಲೇ ವಿಪಿಎನ್ (ಇಂಟರ್ನೆಟ್ ಮೂಲಕ ಹೋಗುವ ಗುಪ್ತ ಸಂಪರ್ಕ) ನಡೆಸಬಹುದು. ದುಬೈ, ಲಂಡನ್‌ನಲ್ಲಿ ಕೆಲಸದಲ್ಲಿರುವ ಮಕ್ಕಳು ಊರಿನ ಮನೆಯ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಸೇರಿಕೊಳ್ಳಲು ಇದು ಒಳ್ಳೆಯ ದಾರಿ. ಆದರೆ ಇವುಗಳಲ್ಲಿ ಎಷ್ಟೋ ಸೌಲಭ್ಯ ಈಗ ಸಾಮಾನ್ಯ ರೂಟರ್‌ನಲ್ಲೂ ಬರುತ್ತವೆ. ಗೆಸ್ಟ್ ವೈಫೈ ಅಂತ ಒಂದು ಬಟನ್ ಇದ್ದರೆ ಬಲ್ಬು ಕ್ಯಾಮೆರಾ ಬೇರೆ ಇಡಲು ಅದೇ ಸಾಕು.

ಏನು ಸಿಗಲ್ಲ

ವೈಫೈ ಮಹಡಿಯ ಮೂಲೆ ಕೋಣೆಗೆ ಬರ್ತಿಲ್ಲ ಅನ್ನೋದು ನಿಮ್ಮ ದೂರಾದರೆ, ಫರ್ಮ್‌ವೇರ್ ಬದಲಿಸಿ ಪ್ರಯೋಜನ ಇಲ್ಲ. ಆಂಟೆನಾ ಅದೇ, ಗೋಡೆ ಅದೇ. ರೂಟರ್‌ನ ಪವರ್ ಹೆಚ್ಚಿಸಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ರೂಟರ್ ಜೋರಾಗಿ ಕೂಗಿದರೆ ಫೋನಿಗೆ ಕೇಳಿಸೀತು, ಆದರೆ ಫೋನು ವಾಪಸ್ ಉತ್ತರ ಕೊಡಬೇಕಲ್ವಾ, ಅದರ ಪುಟ್ಟ ಆಂಟೆನಾದ ಶಕ್ತಿ ಹೆಚ್ಚಾಗಿಲ್ಲ. ಜೊತೆಗೆ ಯಾವ ಚಾನೆಲ್‌ನಲ್ಲಿ ಎಷ್ಟು ಪವರ್ ಅನ್ನೋದಕ್ಕೆ ಪ್ರತಿ ದೇಶದಲ್ಲೂ ಕಾನೂನಿನ ಮಿತಿ ಇದೆ. ಸೆಟ್ಟಿಂಗ್‌ನಲ್ಲಿ ದೇಶ ಭಾರತ ಅಂತಲೇ ಇರಬೇಕು. ಇದು ಸಣ್ಣ ವಿಷಯ ಅಲ್ಲ: 2016ರಲ್ಲಿ ಟಿಪಿ-ಲಿಂಕ್ ತನ್ನ ಕೆಲವು ರೂಟರ್‌ಗಳಲ್ಲಿ ಮಿತಿಗಿಂತ ಹೆಚ್ಚು ಪವರ್‌ಗೆ ದಾರಿ ಇದ್ದದ್ದಕ್ಕೆ ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿಗೆ 2 ಲಕ್ಷ ಡಾಲರ್ ಕಟ್ಟಿತು. ಅದೇ ಒಪ್ಪಂದದಲ್ಲಿ, ಹೊರಗಿನ ಫರ್ಮ್‌ವೇರ್‌ಗೆ ಅವಕಾಶ ಆಗುವಂತೆ ಕೆಲಸ ಮಾಡುವುದಾಗಿಯೂ ಒಪ್ಪಿಕೊಂಡಿತು.

ಸ್ಪೀಡ್ ಕೂಡ ಹಾಗೇ. ಕೆಲವೊಮ್ಮೆ ಕಡಿಮೆಯೇ ಆಗುತ್ತೆ! ಕಾರಣ ಇದೆ. ಕಂಪನಿಯ ಫರ್ಮ್‌ವೇರ್‌ನಲ್ಲಿ ಡೇಟಾ ಸಾಗಿಸುವ ಕೆಲಸವನ್ನು ಚಿಪ್‌ನ ಒಂದು ವಿಶೇಷ ಭಾಗ ಮಾಡುತ್ತೆ, ಪ್ರೊಸೆಸರ್‌ಗೆ ಭಾರ ಬೀಳಲ್ಲ. ಆ ಭಾಗದ ಕೋಡ್ ಮುಕ್ತವಾಗಿ ಸಿಗದಿದ್ದರೆ ಎಲ್ಲ ಭಾರವೂ ಪ್ರೊಸೆಸರ್ ಮೇಲೆ. ಎಸ್‌ಕ್ಯೂಎಂ ಹಾಕಿದರಂತೂ ಪ್ರತಿ ತುಣುಕು ಡೇಟಾವನ್ನೂ ಪ್ರೊಸೆಸರ್ ಮುಟ್ಟಿ ನೋಡಲೇಬೇಕು. ಒಂದು ಕಾಲದ ಜನಪ್ರಿಯ ಟಿಪಿ-ಲಿಂಕ್ ಆರ್ಚರ್ ಸಿ7 ರೂಟರ್‌ನ ಎರಡನೇ ಆವೃತ್ತಿಯ ಪ್ರೊಸೆಸರ್ 720 ಮೆಗಾಹರ್ಟ್ಜ್‌ನದು. 50, 100 ಎಂಬಿಪಿಎಸ್ ಪ್ಲಾನ್‌ಗೆ ಅದು ಸಾಕು. 1 ಗಿಗಾಬಿಟ್ ಪ್ಲಾನ್ ಹಾಕಿಸಿಕೊಂಡು ಅದರಲ್ಲಿ ಎಸ್‌ಕ್ಯೂಎಂ ಓಡಿಸಿದರೆ ಕೊಟ್ಟ ದುಡ್ಡಿನ ಸ್ಪೀಡ್ ಖಂಡಿತ ಸಿಗಲ್ಲ.

ವೈಫೈ ಚಿಪ್ ಯಾರದು ಅನ್ನೋದೂ ಮುಖ್ಯ. ಮೀಡಿಯಾಟೆಕ್ ಮತ್ತು ಕ್ವಾಲ್‌ಕಾಮ್ ಅಥೆರೋಸ್‌ನ ಹಲವು ಚಿಪ್‌ಗಳಿಗೆ ಒಳ್ಳೆಯ ಮುಕ್ತ ಡ್ರೈವರ್ (ಚಿಪ್ ನಡೆಸುವ ಕೋಡ್) ಇವೆ. ಬ್ರಾಡ್‌ಕಾಮ್ ಚಿಪ್ ಇದ್ದರೆ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ವೈಫೈ ಸರಿಯಾಗಿ ನಡೆಯೋದು ಕಷ್ಟ.

ಹಾಕುವಾಗ ಏನೇನು ನಡೆಯುತ್ತೆ

ರೂಟರ್ ತಿರುಗಿಸಿ ಹಿಂಬದಿಯ ಚೀಟಿ ಓದಿ. ಮಾಡೆಲ್ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ ವಿ2, ವಿ3 ಅಂತ ಇರುತ್ತೆ. ಎಲ್ಲ ಅದರ ಮೇಲೇ ನಿಂತಿದೆ. ಟಿಪಿ-ಲಿಂಕ್ ಆರ್ಚರ್ ಸಿ6 ನೋಡಿ. ವಿ2ದಲ್ಲಿ ಕ್ವಾಲ್‌ಕಾಮ್ ಚಿಪ್, ವಿ3ದಲ್ಲಿ ಮೀಡಿಯಾಟೆಕ್ ಚಿಪ್. ಹೆಸರು ಒಂದೇ, ಒಳಗೆ ಎರಡು ಬೇರೆ ಯಂತ್ರ, ಹಾಕಬೇಕಾದ ಫೈಲೂ ಬೇರೆ. ಇದು ಮೊದಲಿನಿಂದಲೂ ಇರುವ ಕಾಟ. ಆ ಹಳೇ ಡಬ್ಲ್ಯುಆರ್‌ಟಿ54ಜಿಯಲ್ಲೇ 2005ರ ಐದನೇ ಆವೃತ್ತಿ ಬಂದಾಗ ಲಿಂಕ್‌ಸಿಸ್ ಲಿನಕ್ಸ್ ತೆಗೆದು ಬೇರೆ ಸಾಫ್ಟ್‌ವೇರ್ ಹಾಕಿತು, ಮೆಮೊರಿಯನ್ನೂ ಅರ್ಧ ಮಾಡಿತು. ಡಬ್ಬಿ ನೋಡಲು ಹಾಗೇ ಇತ್ತು. ಆಮೇಲೆ ಲಿನಕ್ಸ್ ಬೇಕು ಅನ್ನುವವರಿಗೆ ಡಬ್ಲ್ಯುಆರ್‌ಟಿ54ಜಿಎಲ್ ಅಂತ ಬೇರೆಯೇ ಮಾಡೆಲ್ ಮಾರಿತು.

ಹಾಗಾಗಿ ಓಪನ್‌ಡಬ್ಲ್ಯುಆರ್‌ಟಿ ತಾಣದ ಹಾರ್ಡ್‌ವೇರ್ ಪಟ್ಟಿಯಲ್ಲಿ ನಿಮ್ಮ ಮಾಡೆಲ್ಲು, ಆವೃತ್ತಿ ಎರಡೂ ಇವೆಯಾ ಅಂತ ಮೊದಲು ನೋಡಿ. ಇದ್ದರೆ ಆ ಮಾಡೆಲ್‌ನ ಪುಟವನ್ನು ಪೂರ್ತಿ ಓದಿ. ಕೆಲವು ರೂಟರ್‌ನಲ್ಲಿ ಕಂಪನಿಯ ಅಪ್‌ಡೇಟ್ ಪುಟದಲ್ಲೇ ಹೊಸ ಫೈಲು ಕೊಟ್ಟರೆ ಮುಗಿಯಿತು. ಕೆಲವದರಲ್ಲಿ ಡಬ್ಬಿ ಬಿಚ್ಚಿ ತಂತಿ ಹಚ್ಚಬೇಕು. ಎರಡನೇ ಥರದ್ದಾದರೆ ಅದನ್ನು ಗೊತ್ತಿರುವವರಿಗೆ ಬಿಡಿ.

ಫ್ಲ್ಯಾಶ್ ಆಗುವ ಕೆಲವು ನಿಮಿಷ ಕರೆಂಟ್ ಹೋಗಬಾರದು. ನಮ್ಮಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಯುಪಿಎಸ್ ಇದ್ದರೆ ಅದಕ್ಕೇ ಚುಚ್ಚಿ, ವೈಫೈ ಬೇಡ, ಕೇಬಲ್‌ನಲ್ಲೇ ಲ್ಯಾಪ್‌ಟಾಪ್ ಜೋಡಿಸಿ.

ಮುಗಿದ ಮೇಲೆ ಮೊದಲ ಸಲದವರು ಗಾಬರಿ ಆಗುವ ಒಂದು ವಿಷಯ ಇದೆ. ವೈಫೈ ಹೆಸರೇ ಕಾಣಲ್ಲ! ರೂಟರ್ ಸತ್ತಿಲ್ಲ. ಪಾಸ್‌ವರ್ಡ್ ಇಲ್ಲದ ವೈಫೈ ತೆರೆದಿಡಬಾರದು ಅಂತ ಓಪನ್‌ಡಬ್ಲ್ಯುಆರ್‌ಟಿ ಶುರುವಿನಲ್ಲಿ ವೈಫೈಯನ್ನೇ ಆಫ್ ಮಾಡಿಟ್ಟಿರುತ್ತೆ. ಕೇಬಲ್ ಚುಚ್ಚಿದ ಲ್ಯಾಪ್‌ಟಾಪ್‌ನಲ್ಲಿ 192.168.1.1 ತೆರೆದು, ರೂಟ್ (root) ಅನ್ನೋ ಹೆಸರಿನಲ್ಲಿ ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಿ, ಮೊದಲು ಪಾಸ್‌ವರ್ಡ್ ಇಟ್ಟು, ಆಮೇಲೆ ವೈಫೈಗೆ ಹೆಸರು, ಗುಪ್ತಪದ, ದೇಶ ಎಲ್ಲ ಕೊಟ್ಟು ಚಾಲು ಮಾಡಬೇಕು. ನಿಮ್ಮ ಸಂಪರ್ಕ ಬಿಎಸ್‌ಎನ್‌ಎಲ್ ಫೈಬರ್‌ನಂತೆ ಪಿಪಿಪಿಒಇ ಲಾಗಿನ್ (ಸಂಪರ್ಕಕ್ಕೇ ಒಂದು ಹೆಸರು, ಪಾಸ್‌ವರ್ಡ್) ಕೇಳುವಂಥದ್ದಾದರೆ, ಆ ಹೆಸರು, ಪಾಸ್‌ವರ್ಡ್, ಸೆಟ್ಟಿಂಗ್‌ನಲ್ಲಿರುವ ವಿಲ್ಯಾನ್ ಅಂಕೆ ಹಳೇ ಫರ್ಮ್‌ವೇರ್ ತೆಗೆಯುವ ಮೊದಲೇ ಬರೆದಿಟ್ಟುಕೊಂಡಿರಬೇಕು. ತೆಗೆದ ಮೇಲೆ ಇಂಟರ್ನೆಟ್ಟೂ ಇರಲ್ಲ, ಆ ಮಾಹಿತಿಯೂ ಸಿಗಲ್ಲ.

ಏನಾದರೂ ತಪ್ಪಾಗಿ ರೂಟರ್ ಮೇಲೇಳದೇ ಹೋದರೆ ಅದಕ್ಕೆ ಬ್ರಿಕ್ ಆಯ್ತು ಅಂತಾರೆ. ಹೆಚ್ಚಿನ ಸಲ ಉಳಿಸಿಕೊಳ್ಳಬಹುದು. ಟಿಪಿ-ಲಿಂಕ್‌ನ ಹಲವು ಮಾಡೆಲ್‌ಗಳಲ್ಲಿ ಲ್ಯಾಪ್‌ಟಾಪ್‌ಗೆ 192.168.0.66 ಅಂತ ವಿಳಾಸ ಕೊಟ್ಟು, ಅದರಲ್ಲಿ ಟಿಎಫ್‌ಟಿಪಿ ಅನ್ನೋ ಚಿಕ್ಕ ಪ್ರೋಗ್ರಾಮ್ ಓಡಿಸಿ, ರೀಸೆಟ್ ಬಟನ್ ಒತ್ತಿಹಿಡಿದು ರೂಟರ್ ಆನ್ ಮಾಡಿದರೆ, ಅದು ತಾನೇ ಬಂದು ಫೈಲು ಎಳೆದುಕೊಂಡು ಎದ್ದು ಕೂರುತ್ತೆ. ಇದನ್ನು ಓದುವಾಗಲೇ ತಲೆ ಬಿಸಿ ಆದರೆ, ಮನೆಯ ಏಕೈಕ ರೂಟರ್ ಮೇಲೆ ಕೈ ಹಾಕಬೇಡಿ. ವಾರಂಟಿಯೂ ಹೋಗಬಹುದು.

ಹಾಕಿದ ಮೇಲಿನ ಕೆಲಸ

ಯಾರೂ ಒತ್ತಿ ಹೇಳದ ಭಾಗ ಇದು. ನನ್ನ ದೃಷ್ಟಿಯಲ್ಲಿ ತೀರ್ಮಾನ ಆಗಬೇಕಾದ್ದೂ ಇಲ್ಲೇ.

ಓಪನ್‌ಡಬ್ಲ್ಯುಆರ್‌ಟಿ ತಾನಾಗಿ ಅಪ್‌ಡೇಟ್ ಆಗಲ್ಲ. ಈಗ ಸಾಕಷ್ಟು ಕಂಪನಿ ರೂಟರ್‌ಗಳು ರಾತ್ರಿ ಎಲ್ಲರೂ ಮಲಗಿರುವಾಗ ತಾವೇ ಅಪ್‌ಡೇಟ್ ಆಗಿ ಕೂರುತ್ತವೆ. ಇಲ್ಲಿ ನೀವೇ ನೋಡಬೇಕು, ನೀವೇ ಒತ್ತಬೇಕು. ಪ್ರತಿ ದೊಡ್ಡ ಆವೃತ್ತಿಗೂ ಒಂದು ಕೊನೆ ಇದೆ. 19.07ಕ್ಕೆ 2022ರಲ್ಲಿ, 23.05ಕ್ಕೆ 2025ರಲ್ಲಿ ಬೆಂಬಲ ನಿಂತಿತು. 24.10 ಬಂದದ್ದು 2025ರ ಫೆಬ್ರವರಿಯಲ್ಲಿ. ನೀವು ಹೆಚ್ಚುವರಿಯಾಗಿ ಹಾಕಿಕೊಂಡ ಪ್ಯಾಕೇಜ್‌ಗಳು ಸಾಮಾನ್ಯ ಅಪ್‌ಗ್ರೇಡ್ ಮಾಡಿದಾಗ ಅಳಿಸಿಹೋಗುತ್ತವೆ, ಮತ್ತೆ ಹಾಕಬೇಕು. ಇದನ್ನು ತಪ್ಪಿಸಲು ನಿಮ್ಮ ಪ್ಯಾಕೇಜ್‌ಗಳನ್ನೂ ಸೇರಿಸಿಯೇ ಫೈಲು ಕಟ್ಟಿಕೊಡುವ ಅಟೆಂಡೆಡ್ ಸಿಸ್‌ಅಪ್‌ಗ್ರೇಡ್ ಅನ್ನೋ ಸೌಲಭ್ಯ ಇದೆ.

ಆ ಸೌಲಭ್ಯದಲ್ಲೇ 2024ರ ಡಿಸೆಂಬರ್‌ನಲ್ಲಿ ಒಂದು ಗಂಭೀರ ತೂತು ಸಿಕ್ಕಿತು. ನಕಲಿ ಫೈಲನ್ನು ಅಸಲಿ ಅಂತ ಬಳಕೆದಾರರಿಗೆ ತಲುಪಿಸಲು ದಾರಿ ಆಗಬಹುದಿತ್ತು. ಸಂಶೋಧಕರು ತಿಳಿಸಿದ ಕೆಲವೇ ಗಂಟೆಗಳಲ್ಲಿ ತಂಡದವರು ಅದನ್ನು ಮುಚ್ಚಿದರು, ವಿಷಯವನ್ನು ಬಹಿರಂಗವಾಗಿ ಹೇಳಿ, ಮುನ್ನೆಚ್ಚರಿಕೆಯಾಗಿ ಮತ್ತೊಮ್ಮೆ ಅಪ್‌ಗ್ರೇಡ್ ಮಾಡಿಕೊಳ್ಳಿ ಅಂದರು. ಮುಕ್ತ ಕೋಡ್‌ನಲ್ಲೂ ತೂತು ಇರುತ್ತೆ. ಅದು ಎಲ್ಲರ ಕಣ್ಣೆದುರು ಬೇಗ ಮುಚ್ಚುತ್ತೆ ಅನ್ನೋದು ದೊಡ್ಡ ಸಮಾಧಾನ. ಆದರೆ ಅಂಥ ಸುದ್ದಿ ಬಂದಾಗ ನಿಮ್ಮ ಮನೆಯಲ್ಲಿ ಅದನ್ನು ಓದಿ, ಎದ್ದು ಹೋಗಿ ಅಪ್‌ಗ್ರೇಡ್ ಮಾಡುವವರು ಒಬ್ಬರು ಇರಬೇಕು. ಮೂರು ವರ್ಷ ಮುಟ್ಟದ ಓಪನ್‌ಡಬ್ಲ್ಯುಆರ್‌ಟಿಗಿಂತ, ತಾನಾಗಿ ಅಪ್‌ಡೇಟ್ ಆಗುವ ಸಾದಾ ರೂಟರ್ರೇ ಸುರಕ್ಷಿತ.

ಇನ್ನೂ ಒಂದು ಪ್ರಶ್ನೆ: ಅದನ್ನು ಹಾಕಿದ ಮಗಳೋ ಮಗನೋ ಕೆಲಸಕ್ಕೆ ಬೇರೆ ಊರಿಗೆ ಹೋದ ಮೇಲೆ ನೆಟ್ ನಿಂತರೆ? ಲೈನ್‌ಮ್ಯಾನ್ ಬಂದು ಆ ಪರದೆ ನೋಡಿ ಕೈಚೆಲ್ಲುತ್ತಾನೆ. ಕಸ್ಟಮರ್ ಕೇರ್‌ನವರೂ ಅಷ್ಟೇ. ಅಪ್ಪ ಅಮ್ಮ ಇಬ್ಬರೇ ಇರುವ ಮನೆಯಲ್ಲಿ ಇದು ದೊಡ್ಡ ತಾಪತ್ರಯ.

ಹಾಗಾದ್ರೆ ಯಾರಿಗೆ?

ಮನೆಯಲ್ಲಿ ಒಎನ್‌ಟಿ ಒಂದೇ ಇದ್ದರೆ ಪ್ರಶ್ನೆಯೇ ಇಲ್ಲ. ಸ್ವಂತ ರೂಟರ್ ಇದ್ದು, ಅದಕ್ಕೆ ಕಂಪನಿಯ ಅಪ್‌ಡೇಟ್ ಇನ್ನೂ ಬರುತ್ತಿದ್ದು, ನೆಟ್ ಚೆನ್ನಾಗೇ ನಡೆಯುತ್ತಿದ್ದರೆ ಸುಮ್ನೆ ಮುಟ್ಟಬೇಡಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಆಟೋ ಅಪ್‌ಡೇಟ್ ಆನ್ ಮಾಡಿ, ಹೊರಗಿನಿಂದ ರೂಟರ್ ಒಳಗೆ ಬರುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಹತ್ತು ನಿಮಿಷದ ಈ ಕೆಲಸದಲ್ಲೇ ಭದ್ರತೆಯ ದೊಡ್ಡ ಪಾಲು ಮುಗಿಯುತ್ತೆ. ವೈಫೈ ತಲುಪದ ಮೂಲೆಗೆ ರೂಟರನ್ನು ಬೀರು ಹಿಂದಿನಿಂದ ತೆಗೆದು ಮನೆ ನಡುವೆ ಎತ್ತರದಲ್ಲಿ ಇಡೋದು, ಅಥವಾ ಕೇಬಲ್ ಎಳೆದು ಇನ್ನೊಂದು ರೂಟರ್ ಇಡೋದೇ ಪರಿಹಾರ.

ಅಪ್‌ಡೇಟ್ ನಿಂತುಹೋದ, ಆದರೆ ಮೆಮೊರಿ ಸಾಕಷ್ಟು ಇರುವ, ಪಟ್ಟಿಯಲ್ಲಿ ಹೆಸರಿರುವ ರೂಟರ್ ನಿಮ್ಮದಾದರೆ ಬದಲಿಸೋದು ಒಳ್ಳೆಯದು. ಬಫರ್‌ಬ್ಲೋಟ್ ಪರೀಕ್ಷೆಯಲ್ಲಿ ಅಂಕೆ ಏಕಾಏಕಿ ಏರಿ, ದಿನವೂ ಕಾಲ್‌ಗಳು ಕಡಿಯುತ್ತಿದ್ದರೂ ಸರಿ. ಎರಡಕ್ಕೂ ಒಂದೇ ಷರತ್ತು: ಮುಂದೆ ಅದನ್ನು ನೋಡಿಕೊಳ್ಳುವ ಮನಸ್ಸು ಮನೆಯಲ್ಲಿ ಒಬ್ಬರಿಗಿರಬೇಕು.

ನಡುವಿನ ದಾರಿಗಳೂ ಇವೆ. ಏಸಸ್ ರೂಟರ್ ಇದ್ದವರು ಮರ್ಲಿನ್ ನೋಡಬಹುದು. ಅದು ಕಂಪನಿಯ ಕೋಡ್ ಮೇಲೇ ಕಟ್ಟಿದ್ದು, ಪರದೆ ಹೆಚ್ಚು ಬದಲಾಗಲ್ಲ, ಚಿಪ್‌ನ ವೇಗವೂ ಉಳಿಯುತ್ತೆ, ಬೇಡ ಅಂದ್ರೆ ಕಂಪನಿಯದ್ದಕ್ಕೆ ವಾಪಸ್ ಹೋಗೋದು ಸುಲಭ. ಜಿಎಲ್-ಐನೆಟ್ ಕಂಪನಿ ಓಪನ್‌ಡಬ್ಲ್ಯುಆರ್‌ಟಿ ಹಾಕಿಯೇ, ಮೇಲೊಂದು ಸರಳ ಪರದೆ ಕೊಟ್ಟು ಮಾರುತ್ತೆ. ಚೆಕ್ ದೇಶದ ಟುರಿಸ್ ರೂಟರ್‌ಗಳು ಓಪನ್‌ಡಬ್ಲ್ಯುಆರ್‌ಟಿ ಆಧಾರದ ಸಾಫ್ಟ್‌ವೇರ್‌ನಲ್ಲೇ ತಾವಾಗಿ ಅಪ್‌ಡೇಟ್ ಆಗುತ್ತವೆ. 2024ರ ಕೊನೆಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ತಂಡವೇ ಓಪನ್‌ಡಬ್ಲ್ಯುಆರ್‌ಟಿ ಒನ್ ಅಂತ ತನ್ನದೇ ರೂಟರ್ ತಂದಿತು. 1 ಜಿಬಿ ರಾಮ್, ಬಂದಾಗಿನ ಬೆಲೆ 89 ಡಾಲರ್. ಅದರಲ್ಲೊಂದು ಸಣ್ಣ ಸ್ವಿಚ್ ಇದೆ, ಮುಖ್ಯ ಫರ್ಮ್‌ವೇರ್ ಕೆಟ್ಟರೆ ಸ್ವಿಚ್ ಆಚೆ ತಳ್ಳಿ ಇನ್ನೊಂದು ಮೆಮೊರಿ ಚಿಪ್‌ನಿಂದ ಎಬ್ಬಿಸಬಹುದು. ಕಲಿಯುವವರಿಗೆ ಇದಕ್ಕಿಂತ ಧೈರ್ಯ ಕೊಡುವ ರೂಟರ್ ಸಿಗೋದು ಕಷ್ಟ.

ಡ್ರಾಯರ್‌ನಲ್ಲಿ ಹಳೇ ರೂಟರ್ ಇದ್ದರೆ

ಕಲಿಯುವ ಆಸೆ ಇದ್ದವರು ಅದರಲ್ಲೇ ಶುರುಮಾಡಿ. ಮನೆಯ ನೆಟ್ ಎಂದಿನಂತೆ ನಡೀತಾ ಇರಲಿ. ಹಳೇದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಹಾಕಿ, ಅದನ್ನು ಬರೀ ವೈಫೈ ಹಂಚುವ ಡಬ್ಬಿಯಾಗಿ ಮಹಡಿ ಮೇಲೆ ಇಡಬಹುದು. ಅದರ ಐಪಿ ವಿಳಾಸವನ್ನು ಮುಖ್ಯ ರೂಟರ್‌ನದಕ್ಕಿಂತ ಬೇರೆ ಮಾಡಿ, ಉದಾಹರಣೆಗೆ ಮುಖ್ಯದ್ದು 192.168.1.1 ಆದರೆ ಇದಕ್ಕೆ 192.168.1.2. ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಇದರಲ್ಲಿ ಆಫ್ ಮಾಡಿ, ಇಲ್ಲದಿದ್ದರೆ ಫೋನುಗಳಿಗೆ ಇಬ್ಬರೂ ವಿಳಾಸ ಹಂಚಲು ಹೋಗಿ ಗೋಜಲಾಗುತ್ತೆ. ಮುಖ್ಯ ರೂಟರ್‌ನ ಲ್ಯಾನ್ ತೂತಿನಿಂದ ಇದರ ಲ್ಯಾನ್ ತೂತಿಗೇ ಕೇಬಲ್ ಎಳೆಯಿರಿ, ವ್ಯಾನ್ ಅಂತ ಬರೆದದ್ದಕ್ಕಲ್ಲ. ವೈಫೈಗೆ ಕೆಳಗಿನದ್ದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೆ, ಫೋನು ಹಿಡಿದು ಮೆಟ್ಟಿಲು ಹತ್ತಿದಾಗ ಅದು ತಾನೇ ಹತ್ತಿರದ ರೂಟರ್‌ಗೆ ಸೇರಿಕೊಳ್ಳುತ್ತೆ.